ಆಟವಾಡಿದ ಗದ್ದೆಗೆ ನೇಜಿಯನ್ನೂ ಇಡಿ: ಕೆಸರುಗದ್ದೆ ಕೂಟದವರಿಗೊಂದು ಬಹಿರಂಗ ಪತ್ರ

ಕೆಸರ್‌ಡ್ ಒಂಜಿ ದಿನ (ಕೆಸರಿನಲ್ಲಿ ಒಂದು ದಿನ) ಎಂಬ ಕೆಸರುಗದ್ದೆ ಆಟದ ಕೂಟ ನಡೆಸುವ ಯುವಕ ಮಂಡಲ, ಮಹಿಳಾ ಮಂಡಲ, ಸಮಾಜ ಸಂಘ, ಶಾಲೆ ಕಾಲೇಜುಗಳ ಸಂಘಟಕರಿಗೆ. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗ್ರಾಮ ಪಂಚಾಯತಿಗಳಿಗೆ. ಕೃಷಿ ಮತ್ತು ಕಂದಾಯ ಇಲಾಖೆಯ ಅಧಿಕಾರಿಗಳಿಗೆ.

ಮಾನ್ಯರೇ,

ಮಳೆಗಾಲದ ಭಾನುವಾರ ಬಂತೆಂದರೆ ಯಾವುದಾದರೊಂದು ಬೈಲಿನಿಂದ ಮೈಕಿನ ಸದ್ದು ಕೇಳುತ್ತದೆ. ಹಗ್ಗಜಗ್ಗಾಟ, ಹಾಳೆ ಎಳೆಯುವುದು, ಉಪ್ಪುಮುಡಿ, ನಿಧಿ ಶೋಧ, ಕೆಸರಿನಲ್ಲಿ ವಾಲಿಬಾಲ್. ಬೆಂಗಳೂರು, ಮುಂಬೈಗಳಿಂದ ರಜೆ ಹಾಕಿ ಬಂದವರು, ಗಲ್ಫಿನಿಂದ ಬಂದವರು, ಗದ್ದೆಯನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡ ಮಕ್ಕಳು, ಎಲ್ಲರೂ ಇಳಿಯುತ್ತಾರೆ. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಪತ್ರೊಡೆ. ಹಳ್ಳಿಯ ಬಾಲ್ಯ, ತುಳುನಾಡು, ಕನ್ನಡನಾಡು ಎಂದು ಭಾಷಣವೂ ಆಗುತ್ತದೆ. ಗೊರಬು, ನೊಗ, ನೇಗಿಲು ವೇದಿಕೆಯ ಹಿಂದೆ ಅಲಂಕಾರಕ್ಕೆ ನಿಂತಿರುತ್ತವೆ.

ಇದನ್ನೆಲ್ಲ ಹೀಯಾಳಿಸಲು ನಾವು ಕೂತಿಲ್ಲ. ಊರಿನ ಮೇಲೆ ಪ್ರೀತಿ ಇಲ್ಲದವರು ರಜೆಯ ದಿನ ಮೈಗೆ ಕೆಸರು ಮೆತ್ತಿಕೊಳ್ಳಲು ಬರುವುದಿಲ್ಲ. ನಮ್ಮ ತಕರಾರು ಇರುವುದು ಸೋಮವಾರದ ಬಗ್ಗೆ. ಭಾನುವಾರ ಸಾವಿರ ಕಾಲು ತುಳಿದ ಗದ್ದೆ ಸೋಮವಾರ ಅನಾಥ. ಹದ ಮಾಡಿದ ಕೆಸರು, ತುಂಬಿದ ನೀರು, ಟಿಲ್ಲರಿಗೆ ಕೊಟ್ಟ ಬಾಡಿಗೆ ಎಲ್ಲ ಇದ್ದೂ ಅಲ್ಲಿ ಬೆಳೆಯುವುದು ಕಳೆ ಮಾತ್ರ. ಬೇಸಾಯದ ದುಬಾರಿ ಕೆಲಸಗಳಲ್ಲಿ ಉಳುಮೆಯೂ ಒಂದು. ಅದನ್ನು ನೀವು ಆಗಲೇ ಮಾಡಿಸಿದ್ದೀರಿ. ಇನ್ನು ಕೆಲವು ಕೆಲಸ ಸೇರಿಸಿದರೆ ಆ ಗದ್ದೆಯಲ್ಲಿ ಭತ್ತವಾಗುತ್ತದೆ. ಆಟವಾಡಿದ ಗದ್ದೆಗೆ ನಾಲ್ಕು ದಿನದೊಳಗೆ ನೇಜಿ, ಅಂದರೆ ಭತ್ತದ ಸಸಿ, ಬೀಳಬೇಕು, ರಾಜ್ಯೋತ್ಸವದ ಮೊದಲು ಕೊಯ್ಲಾಗಬೇಕು. ನಾವು ಕೇಳುವುದು ಇಷ್ಟು. ಹೇಗೆ ಎಂಬುದನ್ನು ಮುಂದೆ ಬರೆದಿದ್ದೇವೆ.

ಮೊದಲು ದಿನಾಂಕ. ಹೆಚ್ಚಿನ ಕೂಟಗಳು ತುಳು ತಿಂಗಳಾದ ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಡೆಯುತ್ತವೆ. ಹಿಂದೆ ಆಟಿ ಎಂದರೆ ನಾಟಿ ಮುಗಿದು ಕೈ ಖಾಲಿಯಾದ, ಅಕ್ಕಿಯ ಮುಡಿಯೂ ಖಾಲಿಯಾದ ತಿಂಗಳು. ಕೆಸರಿನ ಕೆಲಸ ಅದರ ಹಿಂದಿನ ತಿಂಗಳಾದ ಕಾರ್ತೆಲಿನಲ್ಲೇ ಮುಗಿಯುತ್ತಿತ್ತು. ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ಮಳೆಗೆ ಬೀಜ, ಜೂನ್ ಕೊನೆಯಿಂದ ಜುಲೈ ನಡುವಿನೊಳಗೆ ನಾಟಿ, ಏಣೆಲು, ಅಂದರೆ ಮಳೆಗಾಲದ ಮೊದಲ ಬೆಳೆಯ ಲೆಕ್ಕ ಇಷ್ಟೇ. ಆದ್ದರಿಂದ ಕೆಸರಿನ ಆಟವನ್ನು ಜುಲೈಯ ಮೊದಲ ಅಥವಾ ಎರಡನೆಯ ಭಾನುವಾರಕ್ಕೆ ತನ್ನಿ. ಆಟಿಯ ತಿಂಡಿ ತಿನಿಸು, ಆಟಿ ಕಳೆಂಜನ ಕುಣಿತ, ಚೆನ್ನೆಮಣೆ ಆಟಗಳನ್ನು ಆಟಿಯಲ್ಲೇ ಸಭಾಭವನದೊಳಗೆ ಇಟ್ಟುಕೊಳ್ಳಿ. ಒಂದು ಕಾರ್ಯಕ್ರಮ ಎರಡಾಯಿತು ಎಂದು ಬೇಸರ ಬೇಡ, ಅಡುಗೆಯವರಿಗೆ ಮಳೆಯಲ್ಲಿ ಒಲೆ ಹೊತ್ತಿಸುವ ಪಾಡೂ ತಪ್ಪುತ್ತದೆ.

ಆಗಸ್ಟೇ ಆಗಬೇಕು, ಆಗಲೇ ಅತಿಥಿಗಳು ಬರುವುದು ಎನ್ನುವವರು ತಳಿ ಬದಲಾಯಿಸಬೇಕು. ಎಂಒ 4 ಭತ್ತಕ್ಕೆ ಸುಮಾರು 130 ದಿನ ಬೇಕು. ಜುಲೈ ನಡುವೆ ಬೀಜ ಹಾಕಿ ಆಗಸ್ಟಿನಲ್ಲಿ ನೆಟ್ಟರೆ ಅದು ಕೊಯ್ಲಿಗೆ ಬರುವುದು ನವೆಂಬರಿನ ಮೂರನೆಯ ವಾರಕ್ಕೆ. ಮಜಲು, ಅಂದರೆ ನಡುಮಟ್ಟದ ಗದ್ದೆಯಲ್ಲಿ ಅಷ್ಟರೊಳಗೆ ನೀರು ಬತ್ತಿ, ಕಾಳು ಹಾಲು ತುಂಬುವ ಹೊತ್ತಿಗೆ ಒಣಗಿ, ಜೊಳ್ಳಾಗುತ್ತದೆ. ಅಂಥ ಕಡೆ ಹದಿನೈದು ದಿನ ಬೇಗ ಬರುವ ಜ್ಯೋತಿ ಹಾಕಬಹುದು. ಇಳುವರಿ ಸ್ವಲ್ಪ ಕಡಿಮೆಯಾದೀತು. ಜೂನಿನಲ್ಲಿ ಹಾಕಿದ ನೇಜಿಯನ್ನೇ ಆಗಸ್ಟಿನವರೆಗೆ ಕಾಯಿಸಿ ನೆಡುವುದು ಮಾತ್ರ ಬೇಡ. ಐವತ್ತು ದಿನ ದಾಟಿದ ನೇಜಿ ಗಂಟು ಕಟ್ಟಿ ಕಡ್ಡಿಯಾಗಿರುತ್ತದೆ, ನೆಟ್ಟರೆ ಮರಿ ಒಡೆಯುವುದಿಲ್ಲ, ಇದ್ದ ಒಂದೆರಡು ಗಿಡದಲ್ಲೇ ಬೇಗ ಸಣ್ಣ ತೆನೆ ಬಿಟ್ಟು ಮುಗಿಸುತ್ತದೆ.

ಗದ್ದೆಯ ಆಯ್ಕೆಯಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ರಸ್ತೆ ಬದಿ ಇರಬೇಕು, ವಾಹನ ನಿಲ್ಲಿಸಲು ಜಾಗ ಬೇಕು, ವರ್ಷಗಟ್ಟಲೆ ಹಡಿಲು (ಬೇಸಾಯವಿಲ್ಲದೆ ಪಾಳು) ಬಿದ್ದಿದ್ದರೆ ಯಾರ ಅಡ್ಡಿಯೂ ಇಲ್ಲ. ಆಟಕ್ಕೆ ಇದು ಸರಿ, ಭತ್ತಕ್ಕೆ ಸರಿಯಲ್ಲ. ಸುತ್ತ ಹತ್ತು ಗದ್ದೆ ಹಡಿಲಿದ್ದು ನಡುವೆ ಒಂದೇ ಗದ್ದೆ ಹಸಿರಾದರೆ ಆ ಬೈಲಿನ ನವಿಲು, ಹಂದಿ, ಹೆಗ್ಗಣ ಎಲ್ಲಕ್ಕೂ ಅದೊಂದೇ ಊಟದ ಜಾಗ. ಈಗಾಗಲೇ ಬೇಸಾಯ ನಡೆಯುತ್ತಿರುವ ಬೈಲಿನ ಅಂಚಿನಲ್ಲಿ ಇರುವ ಹಡಿಲು ಗದ್ದೆಯನ್ನು ಹಿಡಿಯಿರಿ. ಅಲ್ಲಿ ನೀರಿನ ದಾರಿ ತೆರೆದಿರುತ್ತದೆ, ಪಕ್ಕದವರ ಟಿಲ್ಲರ್ ಬರುತ್ತದೆ, ಹುಳ ಬಿದ್ದರೆ ನೋಡುವ ಕಣ್ಣುಗಳಿರುತ್ತವೆ. ಪ್ರತಿ ವರ್ಷ ಹೀಗೆ ಒಂದೊಂದು ಗದ್ದೆ ಸೇರಿಸುತ್ತಾ ಹೋದರೆ ಬೈಲು ಅಂಚಿನಿಂದ ಒಳಕ್ಕೆ ತುಂಬುತ್ತದೆ. 25 ಸೆಂಟ್ಸ್, ಅಂದರೆ ಕಾಲು ಎಕರೆ, ಸಾಕು. ಅದಕ್ಕಿಂತ ದೊಡ್ಡದು ಮೊದಲ ವರ್ಷಕ್ಕೆ ಬೇಡ.

ಹಡಿಲು ಗದ್ದೆಯಾದರೆ ಮೇ ತಿಂಗಳಲ್ಲೇ ಹೋಗಿ ನೋಡಬೇಕು. ಹುಲ್ಲು, ಜೊಂಡು ಕಡಿದು ಮೊದಲ ಅಡ್ಡಮಳೆಗೆ ಒಂದು ಸಾಲು ಉತ್ತು ಬಿಟ್ಟರೆ ಬೇರು ಒಣಗಿ ಸಾಯುತ್ತದೆ. ಜುಲೈಯಲ್ಲಿ ನೇರವಾಗಿ ಟಿಲ್ಲರ್ ಇಳಿಸಿದರೆ ಹಸಿ ಹುಲ್ಲೆಲ್ಲ ಕೆಸರಿನೊಳಗೆ ಹೂತು ಕೊಳೆಯತೊಡಗುತ್ತದೆ, ಅದರ ಮೇಲೆ ನೆಟ್ಟ ನೇಜಿ ಹಳದಿಯಾಗುತ್ತದೆ. ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಕೆಂಪು ಪದರ ಕಂಡರೆ ಕಬ್ಬಿಣದ ಅಂಶ ಹೆಚ್ಚಾಗಿದೆ ಎಂದರ್ಥ. ನಮ್ಮ ಹುಳಿಮಣ್ಣಿನ ಬೈಲುಗಳಲ್ಲಿ ಇದು ಸಾಮಾನ್ಯ. ನೀರನ್ನು ಒಮ್ಮೆ ಪೂರ್ತಿ ಬಸಿದು ಹೊಸ ನೀರು ಕಟ್ಟಬೇಕು. 25 ಸೆಂಟ್ಸಿಗೆ ಸುಮಾರು 50 ಕಿಲೋ ಕೃಷಿ ಸುಣ್ಣವನ್ನು ನಾಟಿಗೆ ಎರಡು ಮೂರು ವಾರ ಮೊದಲೇ ಹಾಕಿ ಉತ್ತಿರಬೇಕು. ಆಟದ ಹಿಂದಿನ ದಿನ ಸುಣ್ಣ ಹಾಕಿದರೆ ಬೆಳೆಗೂ ಪ್ರಯೋಜನವಿಲ್ಲ, ಆಡುವವರ ಚರ್ಮವೂ ಉರಿದೀತು.

ಈಗ ಕೆಸರಿನ ಆಳ. ಸಂಘಟಕರು ಟಿಲ್ಲರಿನವರಿಗೆ ಹೇಳುವುದು ‘ಮೊಣಕಾಲು ಮುಳುಗಬೇಕು’ ಎಂದು. ದಯವಿಟ್ಟು ಹಾಗೆ ಹೇಳಬೇಡಿ. ಗದ್ದೆಗೂ ಪಾತ್ರೆಯಂತೆ ಒಂದು ತಳ ಇದೆ. ವರ್ಷ ವರ್ಷ ಉತ್ತು ತುಳಿದು ಮೇಲ್ಮಣ್ಣಿನಿಂದ ಸುಮಾರು 15ರಿಂದ 20 ಸೆಂಟಿಮೀಟರ್ ಕೆಳಗೆ ಗಟ್ಟಿಯಾದ ಪದರ ಅದು. ನೀರು ನಿಲ್ಲುವುದು, ಟಿಲ್ಲರ್ ಹೂಳದೆ ನಡೆಯುವುದು ಅದರ ಮೇಲೆಯೇ. ದೊಡ್ಡ ಟ್ರ್ಯಾಕ್ಟರನ್ನೋ ಜೆಸಿಬಿಯನ್ನೋ ಇಳಿಸಿ ಆ ತಳವನ್ನು ಒಡೆದರೆ ಮೊಣಕಾಲು ಮಟ್ಟದ ಕೆಸರು ಸಿಗುತ್ತದೆ, ಫೋಟೋವೂ ಚೆಂದ ಬರುತ್ತದೆ. ಆಮೇಲೆ ಆ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ, ಮುಂದಿನ ವರ್ಷ ನಾಟಿ ಯಂತ್ರ ಅದೇ ಹೊಂಡದಲ್ಲಿ ಕೂರುತ್ತದೆ. ಮತ್ತೆ ತಳ ಕಟ್ಟಲು ಹಲವು ವರ್ಷ ಬೇಕು. ಕಬ್ಬಿಣದ ಚಕ್ರ ಹಾಕಿದ ಟಿಲ್ಲರಿನಲ್ಲಿ ಎರಡು ಸುತ್ತು ಹೊಡೆದು ಗೇಣುದ್ದ ಕೆಸರು ಮಾಡಿದರೆ ಎಲ್ಲ ಆಟಕ್ಕೂ ಸಾಕು. ಆಳದ ಕೆಸರಿನಲ್ಲಿ ಪಾದ ಹೂತಿದ್ದಂತೆಯೇ ಮೈ ತಿರುಗಿಸಿದಾಗ ಮೊಣಗಂಟು ಉಳುಕುವುದು ಹೆಚ್ಚು. ವಾಲಿಬಾಲ್ ಆಡಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಆಟದ ದಿನದ ಕೆಲವು ಸಂಗತಿಗಳು ಸಣ್ಣವು ಎನಿಸಬಹುದು. ಹಗ್ಗಜಗ್ಗಾಟದಲ್ಲಿ ಹಿಮ್ಮಡಿ ಊರಿ ಊರಿ ಎರಡೂ ತುದಿಯಲ್ಲಿ ತೊಟ್ಟಿಯಂಥ ಗುಂಡಿಯಾಗುತ್ತದೆ. ಪ್ರತಿ ಸುತ್ತಿಗೂ ಹಗ್ಗದ ಜಾಗ ನಾಲ್ಕಾರು ಅಡಿ ಸರಿಸಿ. ವಾಲಿಬಾಲ್ ಕಂಬವನ್ನು ಗದ್ದೆಯೊಳಗೆ ಹೂಳದೆ ಹುಣಿಯ (ಗದ್ದೆಯ ಬದುವಿನ) ಹೊರಗೆ ನಿಲ್ಲಿಸಿ. ಶಾಮಿಯಾನದ ಕಬ್ಬಿಣದ ಗೂಟಗಳನ್ನು ಎಣಿಸಿ ಹೊಡೆಯಿರಿ, ಎಣಿಸಿ ಕೀಳಿರಿ. ಹುಲ್ಲಿನಲ್ಲಿ ಮರೆತ ಒಂದು ಗೂಟ ಅಕ್ಟೋಬರಿನಲ್ಲಿ ಕಟಾವು ಯಂತ್ರದ ಬ್ಲೇಡಿಗೆ ಸಿಕ್ಕುತ್ತದೆ. ನಿಧಿ ಶೋಧಕ್ಕೆ ಸೌತೆಕಾಯಿ ಹೂಳಿ. ಸಿಗದೆ ಉಳಿದರೂ ಕೊಳೆತು ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಡಬ್ಬಿ, ನಾಣ್ಯ, ಬಲೂನು ಬೇಡ. ಗಾಜಿನ ಬಾಟಲಿ ಬೈಲಿಗೆ ಬರಲೇಬಾರದು, ಅಲ್ಲಿ ನಾಳೆ ಬರಿಗಾಲಲ್ಲಿ ನಡೆಯುವವರು ನೇಜಿ ನೆಡುವ ಹೆಂಗಸರು. ಜನರೇಟರನ್ನು ಗದ್ದೆಯಿಂದ ದೂರ, ಗಟ್ಟಿ ನೆಲದಲ್ಲಿ ಇಡಿ. ಸೋಪು ಶಾಂಪೂ ಹಾಕಿ ತೋಡಿನಲ್ಲಿ (ಹಳ್ಳದಲ್ಲಿ) ಮೀಯಬೇಡಿ. ಕೆಳಗಿನ ಗದ್ದೆಯವರು ಅದೇ ನೀರನ್ನು ಕಟ್ಟಿಕೊಳ್ಳುತ್ತಾರೆ.

ಹುಣಿಯನ್ನಂತೂ ಅಗೆಯಲೇಬೇಡಿ. ವಾಹನ ಇಳಿಸಲು ಎಂದು ಹುಣಿ ಕಡಿದು ದಾರಿ ಮಾಡಿ, ಆಟ ಮುಗಿದ ಮೇಲೆ ಸಡಿಲ ಮಣ್ಣು ತುಂಬಿ ಹೋಗುತ್ತಾರೆ. ಮೊದಲ ಜೋರು ಮಳೆಗೆ ಅದು ಕೊಚ್ಚಿಕೊಂಡು ಹೋಗಿ ಮೇಲಿನ ಗದ್ದೆಯ ನೀರೆಲ್ಲ ಕೆಳಗಿನ ಗದ್ದೆಗೆ ನುಗ್ಗುತ್ತದೆ, ಜತೆಗೆ ಗೊಬ್ಬರವೂ. ಕಡಿಯಲೇಬೇಕಾದರೆ ಮುಚ್ಚುವಾಗ ಕೆಸರಿನ ಹೆಂಟೆಯನ್ನು ಅರ್ಧ ಅಡಿ ಅರ್ಧ ಅಡಿಯಾಗಿ ಇಟ್ಟು ತುಳಿದು, ಮೇಲೆ ಹುಲ್ಲಿನ ಹೆಂಟೆ ಕವುಚಬೇಕು.

ಆರೋಗ್ಯದ ಮಾತು. ಕರಾವಳಿಯ ಮಳೆಗಾಲದಲ್ಲಿ ಇಲಿಜ್ವರ ಇದ್ದೇ ಇದೆ. ಇಲಿ, ದನಗಳ ಮೂತ್ರ ಸೇರಿದ ನೀರಿನಿಂದ, ಕಾಲಿನ ಗಾಯದ ಮೂಲಕ ಅದು ಮೈಗೆ ಸೇರುತ್ತದೆ. ಮಣ್ಣಿನಲ್ಲೇ ಇರುವ ಇನ್ನೊಂದು ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ಪ್ರಕರಣಗಳನ್ನು ಮಣಿಪಾಲದ ವೈದ್ಯರು ವರ್ಷಗಳಿಂದ ದಾಖಲಿಸುತ್ತಾ ಬಂದಿದ್ದಾರೆ. ಸಕ್ಕರೆ ಕಾಯಿಲೆ ಇರುವವರಿಗೆ ಅದರ ಅಪಾಯ ಹೆಚ್ಚು. ಆದ್ದರಿಂದ ಕಾಲಲ್ಲಿ ಬಿರುಕು, ಗಾಯ ಇರುವವರು, ಸಕ್ಕರೆ ಹತೋಟಿಯಲ್ಲಿಲ್ಲದವರು ಹುಣಿಯ ಮೇಲೆ ನಿಂತು ಚಪ್ಪಾಳೆ ತಟ್ಟಲಿ. ಆಡಿದವರೆಲ್ಲ ಶುದ್ಧ ನೀರಿನಲ್ಲಿ ತೊಳೆಯಲು ವ್ಯವಸ್ಥೆ ಇರಲಿ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದರೆ ‘ನಾನು ಗದ್ದೆಗೆ ಇಳಿದಿದ್ದೆ’ ಎಂದು ವೈದ್ಯರಿಗೆ ಮೊದಲೇ ಹೇಳಬೇಕು. ಈ ಒಂದು ಮಾತನ್ನು ಮೈಕಿನಲ್ಲಿ ಪ್ರಾಯೋಜಕರ ಹೆಸರಿನಷ್ಟು ಸಲವಲ್ಲದಿದ್ದರೂ ಎರಡು ಸಲವಾದರೂ ಹೇಳಿ. ಇದೇ ಕಾರಣಕ್ಕೆ ಹಟ್ಟಿಗೊಬ್ಬರವನ್ನು ಆಟಕ್ಕೆ ಮೊದಲು ಗದ್ದೆಗೆ ಹಾಕಬಾರದು. ಆಟ ಮುಗಿದ ಮೇಲೆ ಹಾಕಿ.

ಇನ್ನು ನೇಜಿ. ಕೂಟದ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲೇ ಬೀಜ ಬಿದ್ದಿರಬೇಕು. ನಾಲ್ಕು ತಿಂಗಳ ತಳಿಗೆ ನಾಲ್ಕು ವಾರ ಮೀರದ ನೇಜಿ ಎಂಬುದು ಹಳೆಯ ಲೆಕ್ಕ. 22ರಿಂದ 25 ದಿನದ್ದು ಉತ್ತಮ. ಜುಲೈ ಮೊದಲ ಭಾನುವಾರ ಆಟವಿದ್ದರೆ ಜೂನ್ 10ರ ಸುಮಾರಿಗೆ ಬಿತ್ತನೆ. 25 ಸೆಂಟ್ಸ್ ಗದ್ದೆಗೆ ಆರೂವರೆ ಕಿಲೋ ಬೀಜ, ಎರಡೂವರೆ ಸೆಂಟ್ಸ್ ಸಸಿಮಡಿ. ನೆರೆ ನಿಲ್ಲುವ ತಗ್ಗು ಬೈಲಾದರೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಿಂದ ಬಂದ ಸಹ್ಯಾದ್ರಿ ಪಂಚಮುಖಿ ಕೇಳಿ ತನ್ನಿ. ಉಳಿದ ಕಡೆ ಎಂಒ 4 ನಡೆಯುತ್ತದೆ. ಎರಡೂ ಕೆಂಪಕ್ಕಿ. ಕಯಮೆ, ಅತಿಕರಾಯದಂಥ ಹಳೆಯ ತಳಿ ಉಳಿಸಿಕೊಂಡ ಮನೆ ಊರಿನಲ್ಲಿದ್ದರೆ ಅವರಲ್ಲಿ ಕೇಳಿ. ಆದರೆ ಎತ್ತರ ಬೆಳೆದು ಗಾಳಿಗೆ ಮಲಗುವ ತಳಿಗಳಿಗೆ ಯೂರಿಯಾ ತೋರಿಸಬೇಡಿ.

ಬೀಜವನ್ನು ಉಪ್ಪು ನೀರಿಗೆ ಹಾಕಿ. ನೀರಿನಲ್ಲಿ ಹೊಸ ಕೋಳಿಮೊಟ್ಟೆ ತೇಲಿ ನಾಣ್ಯದಗಲ ಕಾಣುವಷ್ಟು ಉಪ್ಪಿರಬೇಕು. ತೇಲಿದ ಜೊಳ್ಳು ತೆಗೆದು, ಮುಳುಗಿದ್ದನ್ನು ಎರಡು ಸಲ ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಉಪ್ಪು ಉಳಿದರೆ ಮೊಳಕೆ ಕೆಡುತ್ತದೆ. ಒಂದು ಹಗಲು ಒಂದು ರಾತ್ರಿ ನೆನೆಸಿ, ಗೋಣಿಯಲ್ಲಿ ಕಟ್ಟಿ, ಬೈಹುಲ್ಲು ಮುಚ್ಚಿ ಮೇಲೊಂದು ಕಲ್ಲು ಹೇರಿದರೆ ಒಂದೂವರೆ ದಿನದಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ಇಣುಕಿದ್ದು ಸಾಕು. ಇನ್ನೊಂದು ದಿನ ಬಿಟ್ಟರೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಚೆಲ್ಲುವಾಗ ಮುರಿಯುತ್ತವೆ. ಮಡಿ ನಾಲ್ಕು ಅಡಿ ಅಗಲ, ಅರ್ಧ ಅಡಿ ಎತ್ತರ, ಸುತ್ತ ಚರಂಡಿ. ಜೂನಿನ ಮಳೆ ರಾತ್ರಿ ಜೋರಾಗಿ ಹೊಡೆದರೆ ಬೀಜ ಒಂದು ಮೂಲೆಗೆ ಸೇರುತ್ತದೆ. ಮೂರು ನಾಲ್ಕು ದಿನ ತೆಂಗಿನ ಮಡಲು ಮುಚ್ಚಿದರೆ ಮಳೆಯ ಪೆಟ್ಟೂ ತಪ್ಪುತ್ತದೆ, ಪಾರಿವಾಳ ನವಿಲುಗಳ ಕಣ್ಣೂ ತಪ್ಪುತ್ತದೆ. ಐದನೆಯ ದಿನ ತೆಗೆಯಲು ಮರೆತರೆ ನೇಜಿ ಬಿಳಿಚಿ ಉದ್ದವಾಗುತ್ತದೆ.

ಆಟದ ಸಂಜೆ ಗದ್ದೆಗೆ ನೀರು ಕಟ್ಟಿ ಇಡಿ. ಸೋಮವಾರ 25 ಸೆಂಟ್ಸಿಗೆ ಐದು ಕ್ವಿಂಟಾಲ್ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಅಥವಾ ಸುಡುಮಣ್ಣು ಬೆರೆಸಿದ ಗೊಬ್ಬರ ಹರಡಿ, ಟಿಲ್ಲರಿನಲ್ಲಿ ಒಂದೇ ಸುತ್ತು ಹೊಡೆದು, ಹಲಗೆ ಎಳೆದು ಸಮ ಮಾಡಬೇಕು. ಕಾಲ್ಗುಳಿಗಳು ಮುಚ್ಚದೆ ಉಳಿದರೆ ಅಲ್ಲಿ ನೇಜಿ ಮುಳುಗಿ ಕೊಳೆಯುತ್ತದೆ, ದಿಬ್ಬ ಉಳಿದಲ್ಲಿ ಕಳೆ ಏಳುತ್ತದೆ. ನೀರು ಕಟ್ಟಿದಾಗ ಎಲ್ಲೂ ಮಣ್ಣು ಕಾಣದೆ, ಎಲ್ಲೂ ಎರಡು ಬೆರಳಿಗಿಂತ ಆಳವಿಲ್ಲದೆ ಇದ್ದರೆ ಹದ ಸರಿಯಾಯಿತು. ಒಂದು ದಿನ ಮಣ್ಣು ಕೂರಲು ಬಿಡಿ. ಕೈ ನಾಟಿಯಾದರೆ ಬುಧವಾರ ನೆಡಬಹುದು. ಯಂತ್ರ ತರುವವರಿಗೆ ಎರಡು ಮೂರು ದಿನ ಬೇಕು, ಮೆತ್ತಗಿನ ಕೆಸರಿನಲ್ಲಿ ಯಂತ್ರ ಮುಂದೆ ಹೋಗುತ್ತಾ ಹಿಂದೆ ನೆಟ್ಟದ್ದನ್ನು ಕೆಸರಲೆಯಲ್ಲಿ ಮುಳುಗಿಸುತ್ತದೆ. ಯಂತ್ರಕ್ಕೆ ಚಾಪೆ ನೇಜಿಯೇ ಬೇಕು, 15ರಿಂದ 18 ದಿನದ್ದು. ಮಡಿಯಿಂದ ಕಿತ್ತದ್ದು ಅದಕ್ಕೆ ಆಗದು. ಇದನ್ನು ಜೂನಿನಲ್ಲೇ ನಿರ್ಧರಿಸಬೇಕು.

ಮಕ್ಕಳ ಕೈಯಲ್ಲಿ ನೆಡಿಸುವುದಾದರೆ ಭಾಷಣ ಕಡಿಮೆ ಮಾಡಿ, ಊರಿನಲ್ಲಿ ನೆಟ್ಟು ಕೈ ಪಳಗಿದ ಹೆಂಗಸರಲ್ಲಿ ನಾಲ್ವರನ್ನು ಕರೆಸಿ. ಅವರಿಗೆ ದಿನದ ಪೂರ್ತಿ ಕೂಲಿ ಕೊಡಿ. ಶಾಲು ಹೊದಿಸಿ ಕಳಿಸಬೇಡಿ. 25 ಸೆಂಟ್ಸನ್ನು ಅವರು ನಾಲ್ವರೇ ಒಂದು ದಿನದಲ್ಲಿ ಮುಗಿಸಬಲ್ಲರು. ನೂರು ಮಕ್ಕಳು ಇಳಿದರೆ ಅರ್ಧ ದಿನ, ಜತೆಗೆ ಮತ್ತೆ ಸರಿ ಮಾಡಲು ಅರ್ಧ ದಿನ. ಮಕ್ಕಳು ಮಾಡುವ ತಪ್ಪು ಎರಡೇ. ಒಂದೇ ಬುಡಕ್ಕೆ ಹತ್ತು ಹನ್ನೆರಡು ಗಿಡ ತುರುಕುವುದು ಮತ್ತು ಮಣಿಗಂಟಿನವರೆಗೆ ಕೈ ಇಳಿಸಿ ನೆಡುವುದು. ಎರಡು ಮೂರು ಗಿಡ, ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಿಡಿದು, ಒಂದಂಗುಲ ಆಳ. ಆಳಕ್ಕೆ ಹೋದ ನೇಜಿ ಸಾಯುವುದಿಲ್ಲ, ಆದರೆ ಮೇಲೆ ಹೊಸ ಬೇರು ಬಿಟ್ಟುಕೊಂಡು ಚೇತರಿಸುವಷ್ಟರಲ್ಲಿ ಮರಿ ಒಡೆಯುವ ಕಾಲ ಕಳೆದಿರುತ್ತದೆ. ಸಾಲಿಗೆ ಗಂಟು ಹಾಕಿದ ಹಗ್ಗ ಹಿಡಿಸಿ. ಸಾಲಿನಿಂದ ಸಾಲಿಗೆ 20 ಸೆಂಟಿಮೀಟರ್, ಬುಡದಿಂದ ಬುಡಕ್ಕೆ 15. ಎಲ್ಲರೂ ಹಿಂದೆ ಹಿಂದೆ ಸರಿಯಬೇಕು, ನೆಟ್ಟದ್ದರ ಮೇಲೆ ಯಾರೂ ಮರಳಿ ಕಾಲಿಡಬಾರದು. ಫೋಟೋದವರೂ ಸೇರಿದಂತೆ. ನೇಜಿ ಕೀಳುವಾಗ ಬುಡ ಹಿಡಿದು ಓರೆಯಾಗಿ ಎಳೆದರೆ ಬೇರು ಉಳಿಯುತ್ತದೆ. ನೇರ ಮೇಲಕ್ಕೆ ಜಗ್ಗಿದರೆ ತುಂಡಾಗುತ್ತದೆ. ಕಿತ್ತ ಸೂಡಿಯನ್ನು ಅಂದೇ ನೆಡಬೇಕು. ನಾಟಿಯ ಹಾಡಾದ ಓಬೇಲೆ ಹೇಳಬಲ್ಲ ಅಜ್ಜಿಯೊಬ್ಬರು ಸಿಕ್ಕಿದರೆ ಮೈಕ್ ಬಂದ್ ಮಾಡಿ ಅವರನ್ನು ಕೇಳಿ. ಆ ಹಾಡಿನ ಲಯಕ್ಕೆ ಕೈ ತಾನಾಗಿ ಒಂದೇ ಅಳತೆಗೆ ಬೀಳುತ್ತದೆ.

ನೆಟ್ಟ ಮೇಲೆ ಹೆಚ್ಚಿನ ಪ್ರಯತ್ನಗಳು ಸೋಲುವುದು ಒಂದೇ ಕಾರಣಕ್ಕೆ: ನೀರು ನೋಡುವವರು ಯಾರು ಎಂದು ಯಾರೂ ಹೇಳಿರುವುದಿಲ್ಲ. ಮಳೆ ಬಂದಾಗ ಹುಣಿಯ ಕಂಡಿ ತೆರೆಯಬೇಕು, ಬಿಸಿಲಾದಾಗ ಮುಚ್ಚಬೇಕು, ಏಡಿ ತೂತು ಕಂಡರೆ ತುಳಿಯಬೇಕು. ಗದ್ದೆಗೆ ಹತ್ತಿರದ ಮನೆಯವರೊಬ್ಬರನ್ನು ಕೇಳಿಕೊಂಡು, ತಿಂಗಳಿಗೆ ಇಷ್ಟು ಎಂದು ಕೂಲಿ ಗೊತ್ತು ಮಾಡಿ, ಕೂಟದ ಬಜೆಟ್ಟಿನಲ್ಲೇ ತೆಗೆದಿಡಿ. ಟ್ರೋಫಿಗಳ ಎತ್ತರ ಅರ್ಧ ಅಡಿ ತಗ್ಗಿಸಿದರೆ ಆ ಹಣ ಸಿಗುತ್ತದೆ. ವಾರದೊಳಗೆ ಸತ್ತ ಬುಡಗಳಿಗೆ ಮಡಿಯಲ್ಲಿ ಉಳಿದ ನೇಜಿ ತುಂಬಿ. 20ನೆಯ ದಿನ ಮತ್ತು 40ನೆಯ ದಿನ ಕಳೆ. ಸಾಲು ನೆಟ್ಟಗಿದ್ದರೆ ಕಳೆ ತೆಗೆಯುವ ಕೋನೋ ವೀಡರ್ ಓಡುತ್ತದೆ. ಯೂರಿಯಾ ಕೊಡುವುದಿದ್ದರೆ ಮಣ್ಣು ಪರೀಕ್ಷೆಯ ಲೆಕ್ಕದಂತೆ ಎರಡು ಮೂರು ಕಂತು ಮಾಡಿ, ನೀರು ಬಸಿದು, ಮಳೆ ಬಿಟ್ಟ ದಿನ ಎರಚಬೇಕು. ಒಂದೇ ಸಲ ಸುರಿದದ್ದು ತೋಡಿಗೆ ಹೋಗುತ್ತದೆ, ಉಳಿದದ್ದು ಹುಳವನ್ನು ಕರೆಯುತ್ತದೆ.

ಜೂನ್ 10ಕ್ಕೆ ಬಿತ್ತಿದ ಎಂಒ 4 ಸೆಪ್ಟೆಂಬರ್ ನಡುವಿನ ನಂತರ ತೆನೆ ಹಾಯುತ್ತದೆ. ನವರಾತ್ರಿಯ ಹೊತ್ತಿಗೆ ಕದಿರು (ಹೊಸ ತೆನೆ) ಕಟ್ಟುವ ಊರುಗಳಿಗೆ ಇದು ಒದಗುತ್ತದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಕ್ರೈಸ್ತರ ತೆನೆಹಬ್ಬಕ್ಕೆ, ಇಗರ್ಜಿಗೆ ಹೊಸ ತೆನೆ ಬೇಕಿದ್ದರೆ ಮೇ ಕೊನೆಯಲ್ಲೇ ಬೀಜ ಹಾಕಬೇಕು. ಕೊಯ್ಲು ಅಕ್ಟೋಬರ್ 20ರ ಆಸುಪಾಸು. ಹತ್ತು ದಿನ ಮೊದಲು ನೀರು ಬಸಿಯಿರಿ. ಆ ದಿನಗಳಲ್ಲಿ ಮಧ್ಯಾಹ್ನದ ನಂತರ ಗುಡುಗು ಮಳೆ ಇರುವುದರಿಂದ ಕೊಯ್ಲು ಬೆಳಗ್ಗೆಯೇ ಆಗಬೇಕು. 25 ಸೆಂಟ್ಸಿಗಾಗಿ ಕಟಾವು ಯಂತ್ರ ಬರುವುದಿಲ್ಲ, ಪಕ್ಕದ ಗದ್ದೆಗಳ ದಿನಕ್ಕೇ ಹೊಂದಿಸಿಕೊಳ್ಳಿ. ನೆಲ ಹಸಿಯಿದ್ದರೆ ಚೈನ್ ಇರುವ ಯಂತ್ರವನ್ನೇ ಕೇಳಿ. ಇಲ್ಲವಾದರೆ ಕತ್ತಿ, ಭತ್ತ ಬಡಿಯುವ ಪಡಿಮಂಚ, ನಾಲ್ಕು ಜನ ಹಿರಿಯರು. ಮಕ್ಕಳು ಸೂಡಿ ಹೊರಲಿ, ಕತ್ತಿ ಹಿಡಿಯುವುದು ಬೇಡ.

ಚೆನ್ನಾಗಿ ಬಂದರೆ 25 ಸೆಂಟ್ಸಿನಲ್ಲಿ ನಾಲ್ಕು ಕ್ವಿಂಟಾಲ್ ಭತ್ತ, ಅದರಿಂದ ಸುಮಾರು ಎರಡೂವರೆ ಕ್ವಿಂಟಾಲ್ ಕುಚ್ಚಲಕ್ಕಿ. ಬಿಸಿಯೂಟದಲ್ಲಿ ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿಯ ಲೆಕ್ಕ. ಹಾಗಾದರೆ 50 ಮಕ್ಕಳಿರುವ ಊರಿನ ಶಾಲೆಗೆ 50 ದಿನದ ಅನ್ನ. ನವೆಂಬರ್ 1ರಂದು ಶಾಲೆಯಲ್ಲಿ ಧ್ವಜ ಏರಿಸಿದ ಮೇಲೆ ಆ ಅಕ್ಕಿಯ ಗಂಜಿ ಬಡಿಸಬಹುದು.

ಆಟಿಯಲ್ಲಿ ಕುಡಿಯುವ ತೊಗಟೆಯ ರಸ, ಆಟಿ ಕಷಾಯದ ಬಗ್ಗೆ ಒಂದು ಎಚ್ಚರಿಕೆ ಇಲ್ಲಿ ಸೇರಿಸಲೇಬೇಕು, ಏಕೆಂದರೆ ಈಗ ಅದನ್ನು ನೂರಾರು ಜನಕ್ಕೆ ಹಂಡೆಯಲ್ಲಿ ಮಾಡುತ್ತಾರೆ. ಕಷಾಯದ ಮರ ಹಾಲೆ, ತುಳುವಿನ ಪಾಲೆ. ಅದರ ಒಂದೊಂದು ಗಂಟಿನಲ್ಲಿ ಏಳರ ತನಕ ಎಲೆಗಳು ಸುತ್ತಲೂ ಇರುತ್ತವೆ, ತೊಗಟೆ ಕೆತ್ತಿದರೆ ಬಿಳಿ ಹಾಲು ಬರುತ್ತದೆ. ಗುರುತು ತಪ್ಪಿದರೆ ಕೈಗೆ ಸಿಗಬಹುದಾದ ಕಾಸರಕದ ಎಲೆ ಎದುರು ಬದುರು ಜೋಡಿ, ಬುಡದಿಂದಲೇ ಎದ್ದು ಕಾಣುವ ನರಗಳು, ಹಾಲಿಲ್ಲ. ಅದು ಕೊಲ್ಲುವ ವಿಷ. ಸೂರ್ಯ ಹುಟ್ಟುವ ಮೊದಲು, ಕತ್ತಲಲ್ಲಿ ತೊಗಟೆ ತರುವುದು ಕ್ರಮವಾದ್ದರಿಂದ ಮರವನ್ನು ಹಿಂದಿನ ಹಗಲೇ ಬಲ್ಲ ಹಿರಿಯರು ನೋಡಿ, ಬುಡಕ್ಕೆ ಹಗ್ಗ ಕಟ್ಟಿ ಬರಬೇಕು. ಸಂಶಯ ಇದ್ದರೆ ಆ ವರ್ಷ ಕಷಾಯವೇ ಬೇಡ. ಕೊಡುವಾಗ ಎರಡು ಚಮಚ ಸಾಕು, ಮೇಲೆ ಮೆಂತೆ ಗಂಜಿ. ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಕೊಡಬೇಡಿ. ಹಾಗೆಯೇ ಕಣಿಲೆಯನ್ನು (ಎಳೆ ಬಿದಿರನ್ನು) ದಿನವೂ ನೀರು ಬದಲಿಸಿ ಎರಡು ಮೂರು ದಿನ ನೆನೆಸದೆ ಒಲೆಗೆ ಏರಿಸಬಾರದು.

ಇನ್ನುಳಿದದ್ದು ಆಡಳಿತದವರಿಗೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ, ಆ ಅಕ್ಕಿಯನ್ನು ‘ಉಡುಪಿ ಕೇದಾರ ಕಜೆ’ ಎಂಬ ಹೆಸರಿನಲ್ಲಿ ಮಾರಿದ್ದನ್ನು ಎಲ್ಲರೂ ಕಂಡಿದ್ದೇವೆ. ಜನ ಸೇರುತ್ತಾರೆ ಎಂಬುದು ಗೊತ್ತಾಗಿದೆ. ಅಡ್ಡ ಬರುವುದು ಎರಡು. ಒಂದು, ತೋಡು. ಹೂಳು ತುಂಬಿದ ತೋಡಿನ ಪಕ್ಕ ಯಾರೇ ನೆಟ್ಟರೂ ಮೊದಲ ನೆರೆಗೆ ಹೋಗುತ್ತದೆ. ಪಂಚಾಯತಿಯವರು ಪತ್ತನಾಜೆಯೊಳಗೆ ತೋಡಿನ ಹೂಳು ತೆಗೆಸಬೇಕು, ತೆಗೆದ ಹೂಳನ್ನು ದಂಡೆಯ ಮೇಲೇ ರಾಶಿ ಹಾಕಿದರೆ ಜೂನಿನಲ್ಲಿ ಅದೇ ಮರಳಿ ತೋಡಿಗೆ ಇಳಿಯುತ್ತದೆ. ಬೈಲಿಗೆ ಅಡ್ಡವಾಗಿ ಕಾಂಕ್ರೀಟ್ ರಸ್ತೆ ಮಾಡುವಾಗ ಮೋರಿಯ ತಳ ಗದ್ದೆಯ ಮಟ್ಟಕ್ಕಿಂತ ಕೆಳಗಿರಬೇಕು. ಒಂದಡಿ ಮೇಲೆ ಕೂರಿಸಿದ ಮೋರಿಗಳಿಂದ ಒಂದು ಬದಿ ಕೊಳೆಯುತ್ತಿದೆ, ಇನ್ನೊಂದು ಬದಿ ಒಣಗುತ್ತಿದೆ.

ಎರಡನೆಯದು ಹೆದರಿಕೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದಲೇ ಇಲ್ಲಿ ಸಾವಿರಾರು ಒಕ್ಕಲು ಕುಟುಂಬಗಳಿಗೆ ನೆಲ ಸಿಕ್ಕಿತು, ಅದರ ಬಗ್ಗೆ ನಮಗೆ ಎರಡು ಮಾತಿಲ್ಲ. ಆದರೆ ಗೇಣಿಗೆ ಕೊಡುವುದನ್ನು ಕಾಯ್ದೆ ನಿಷೇಧಿಸಿರುವುದರಿಂದ, ಮುಂಬೈಯಲ್ಲಿರುವ ಯಜಮಾನರು ‘ಒಂದು ಬೆಳೆ ಮಾಡಿಕೊಳ್ಳಿ’ ಎಂದು ಬಾಯಿಮಾತಿಗೂ ಹೇಳಲು ಅಂಜುತ್ತಾರೆ. ಪಹಣಿಯ ಸಾಗುವಳಿ ಕಲಮಿನಲ್ಲಿ ಯಾರ ಹೆಸರು ಕೂರುತ್ತದೋ ಎಂಬ ಚಿಂತೆ. ಶಾಲೆ, ಸಂಘಗಳು ಗೇಣಿ ಕೊಡದೆ ಒಂದೇ ಹಂಗಾಮಿಗೆ ಹಡಿಲು ಗದ್ದೆ ಬೆಳೆಸುವುದಾದರೆ ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುವ ಒಂದು ಪುಟದ ಒಪ್ಪಿಗೆ ನಮೂನೆಯನ್ನು ಕಂದಾಯ ಇಲಾಖೆ ಕಾನೂನು ಪರಿಶೀಲಿಸಿ ಕೊಡಲಿ. ಪಂಚಾಯತಿಯಲ್ಲಿ ಅದು ಏಪ್ರಿಲ್ ಒಳಗೆ ಸಿಗಬೇಕು. ಕೆಸರುಗದ್ದೆ ಕೂಟದ ಕೆಲಸಕ್ಕೆಂದು ಪಂಚಾಯತಿಗೆ ಬಂದವರಿಗೆ ‘ನೇಜಿ ಎಲ್ಲಿ ಹಾಕಿದ್ದೀರಿ?’ ಎಂದು ಪಂಚಾಯತಿಯವರು ಒಂದು ಪ್ರಶ್ನೆ ಕೇಳಿದರೂ ಸಾಕು, ಮುಂದಿನ ವರ್ಷ ಅವರು ಉತ್ತರದೊಂದಿಗೇ ಬರುತ್ತಾರೆ.

ಬಿತ್ತನೆ ಬೀಜ ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿ ಮಳೆಗಾಲದ ಮೊದಲು ಸಿಗುತ್ತದೆ, ಬೇಗ ಮುಗಿಯುತ್ತದೆ. ಬೀಜ ತೆಗೆದುಕೊಳ್ಳಲು ಗದ್ದೆ ಯಜಮಾನರ ಪಹಣಿ, ಆಧಾರ್ ಪ್ರತಿ ಬೇಕಾಗುತ್ತದೆ, ಜತೆಗಿಟ್ಟುಕೊಳ್ಳಿ. ಈ ವರ್ಷ ಗದ್ದೆ ನಿಶ್ಚಯ ಮಾಡಿದ ಸಂಘದವರು ನಿಮ್ಮ ಹತ್ತಿರದ ಬೈಲಿನಲ್ಲಿ ಬೇಸಾಯ ಮಾಡುವ ಯಾರನ್ನಾದರೂ ಮೇ ತಿಂಗಳಲ್ಲಿ ಒಂದು ಸಂಜೆ ಕರೆದುಕೊಂಡು ಹೋಗಿ ಗದ್ದೆ ತೋರಿಸಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಅವರು ನಿಂತಲ್ಲೇ ಹೇಳುತ್ತಾರೆ.

ಇತಿ,
ಬ್ರಹ್ಮಾವರ, ಉಡುಪಿ ಕಡೆಯ ಕೆಲವು ಬೈಲುಗಳ ಬೇಸಾಯಗಾರರು